ಹೊಸ ಕಾರಿನ ಮೊದಲ ಸಾವಿರ ಮೈಲಿ

ಹೊಸ ಹೋರಿಯನ್ನು ಮೊದಲ ಸಲ ಬಂಡಿಗೆ ಹೂಡುವ ದಿನ ಯಾರೂ ಬಂಡಿಗೆ ಮೂಟೆ ಹೇರುವುದಿಲ್ಲ. ಮಲ್ಲಟ, ಮಾನ್ವಿ, ದೇವದುರ್ಗ, ಹೀಗೆ ರಾಯಚೂರು ಸೀಮೆಯ ಯಾವ ಊರಿನ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಪಳಗಿದ ಎತ್ತಿನ ಜೊತೆ ಹೋರಿಗೆ ನೊಗ ಕಟ್ಟಿ, ಖಾಲಿ ಬಂಡಿಯನ್ನು ಊರಾಚೆಯ ಹಾದಿಯಲ್ಲಿ ಒಂದಷ್ಟು ದೂರ ಹೊಡೆದು, ಹೆಗಲು ನೋಡಿ ಬಿಚ್ಚುತ್ತಾರೆ. ಮರುದಿನ ಇನ್ನೊಂದಿಷ್ಟು ದೂರ. ಹೆಗಲಿಗೆ ನೊಗ ಒಗ್ಗಿದ ಮೇಲೆಯೇ ಹೇರು. ಹಾಗಂತ ತಿಂಗಳುಗಟ್ಟಲೆ ಖಾಲಿ ಬಂಡಿಯನ್ನೇ ಎಳೆಸಿದರೆ ಹೋರಿ ಕೆಲಸ ಕಲಿಯುವುದಿಲ್ಲ ಎಂಬುದೂ ಅವರಿಗೆ ಗೊತ್ತು.

ಹೊಸ ಸ್ಪೋರ್ಟ್ಸ್ ಕಾರಿನ ಕೈಪಿಡಿ ತೆರೆದರೆ ಮೊದಲ ಪುಟಗಳಲ್ಲೇ ಸಿಗುವುದು ಬಹುಮಟ್ಟಿಗೆ ಇದೇ ಮಾತು. ಮೊದಲ ಸಾವಿರ ಮೈಲಿ ಎಂಜಿನ್ನನ್ನು ಪೂರ್ತಿ ದುಡಿಸಬೇಡಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂ ಬೇಡಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಬ್ರೇಕ್ ಇನ್’ ಎನ್ನುತ್ತಾರೆ. ಕುದುರೆಯ ಹಟ ಮುರಿಯುವವರಿಂದ ಬಂದ ಮಾತದು. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಉಳಿದದ್ದು ಬ್ರಿಟಿಷರ ‘ರನ್ನಿಂಗ್ ಇನ್’. ಆದರೆ ಎಂಜಿನ್ನಿನ ಒಳಗೆ ನಡೆಯುವುದಕ್ಕೆ ಕನ್ನಡದ ‘ಪಳಗುವುದು’ ಎಂಬ ಮಾತೇ ಹೆಚ್ಚು ಹೊಂದುತ್ತದೆ. ಅಲ್ಲಿ ಮುರಿಯುವಂಥದ್ದು ಏನೂ ಇಲ್ಲ; ಎರಡು ಲೋಹಗಳು ಒಂದಕ್ಕೊಂದು ಒಗ್ಗಬೇಕು, ಅಷ್ಟೆ.

ಸಿಲಿಂಡರಿನ ಒಳಗೋಡೆ ಕಣ್ಣಿಗೆ ಕನ್ನಡಿಯಂತೆ ಕಂಡರೂ ನುಣುಪಲ್ಲ. ಕಾರ್ಖಾನೆಯಲ್ಲಿ ಸಾಣೆಕಲ್ಲಿನಿಂದ ಅದರ ಮೇಲೆ ಅಡ್ಡಡ್ಡ ಸಣ್ಣ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲಿ. ಪಿಸ್ಟನ್ನಿನ ಉಂಗುರಗಳು ಮೇಲೆ ಕೆಳಗೆ ಓಡಾಡುತ್ತ ಗೀರುಗಳ ಚೂಪು ಅಂಚನ್ನು ಸವೆಸುತ್ತವೆ, ತಾವೂ ಸವೆದು ಗೋಡೆಗೆ ಸರಿಯಾಗಿ ಕೂರುತ್ತವೆ. ಎಂಜಿನ್ನಿನ ಆಯುಸ್ಸಿನಲ್ಲಿ ಒಳ್ಳೆಯ ಸವೆತ ಎಂದು ಹೇಳಬಹುದಾದದ್ದು ಇದೊಂದೇ. ಹೊಸದರಲ್ಲೇ ಅತಿಯಾಗಿ ದುಡಿಸಿದರೆ ಕಾವು ಏರಿ ಲೋಹ ಲೋಹವನ್ನು ಕಚ್ಚುತ್ತದೆ. ತೀರಾ ಮೆಲ್ಲಗೆ, ಒಂದೇ ಸಮನೆ ಓಡಿಸಿದರೆ ಉಂಗುರಗಳನ್ನು ಗೋಡೆಗೆ ಒತ್ತುವಷ್ಟು ಒತ್ತಡ ಹುಟ್ಟದೆ, ಗೀರುಗಳ ಮೇಲೆ ಎಣ್ಣೆಯ ಮೆರುಗು ಕೂತು, ಉಂಗುರಗಳು ಒಗ್ಗದೇ ಉಳಿಯುತ್ತವೆ. ಅಂಥ ಎಂಜಿನ್ನು ಮುಂದೆ ಎಣ್ಣೆ ಕುಡಿಯುತ್ತದೆ.

ಎಣ್ಣೆಯ ಮಾತು ಬಂದಾಗ ಬಂಡಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ನಂಟು ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ. ನಮ್ಮ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಲ್ಲಿ ಔಡಲೆಣ್ಣೆಗೆ ದೊಡ್ಡ ಸ್ಥಾನವಿತ್ತು. ಗಟ್ಟಿಯಾದ, ಬೇಗ ಜಾರಿಹೋಗದ, ಕಾವಿಗೆ ತಡೆಯುವ ಎಣ್ಣೆ ಅದು. ಯುರೋಪಿನ ರೇಸ್ ಕಾರುಗಳ ಮತ್ತು ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೆ ಬೇಕಾದದ್ದೂ ಇದೇ ಗುಣ. ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ತಂದ ಹೊಸ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಾದದ್ದು ಅದರಲ್ಲಿದ್ದ ಔಡಲದಿಂದಲೇ, ಅಂದರೆ ಕ್ಯಾಸ್ಟರ್‌ನಿಂದ. ಆಗ ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನ ಔಡಲ ಬೆಳೆಯಲ್ಲಿ ಭಾರತದಲ್ಲೇ ಮುಂಚೂಣಿಯಲ್ಲಿತ್ತು. ಔಡಲೆಣ್ಣೆಗೆ ಒಂದು ದೋಷವೂ ಉಂಟು: ಕಾವಿಗೆ ಅಂಟಾಗಿ ಎಂಜಿನ್ನಿನ ಒಳಗೆ ಕೂರುತ್ತದೆ. ಹಾಗಾಗಿ ಅದನ್ನು ಬಳಸುವವರು ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ತೊಳೆಯಬೇಕಿತ್ತು. ವೇಗದ ಕಾರು ಇಟ್ಟುಕೊಂಡವನಿಗೆ ಆರೈಕೆ ಅಂದಿನಿಂದಲೇ ತಪ್ಪದ ಕೆಲಸವಾಯಿತು.

ಆ ಕಾಲದ ಕಾರುಗಳಲ್ಲಿ ಸವೆತದ ಲೆಕ್ಕವನ್ನು ಜನರ ಮುಂದೆ ಇಟ್ಟದ್ದು ರೋಲ್ಸ್ ರಾಯ್ಸ್. 1907ರಲ್ಲಿ ಅವರ ‘ಸಿಲ್ವರ್ ಘೋಸ್ಟ್’ ಕಾರು ಬ್ರಿಟನ್ನಿನ ರಸ್ತೆಗಳಲ್ಲಿ, ಮೋಟಾರು ಕ್ಲಬ್ಬಿನ ವೀಕ್ಷಕರ ಕಣ್ಣೆದುರಿಗೆ, ಸುಮಾರು 15,000 ಮೈಲಿ ಓಡಿತು. ಅದರಲ್ಲಿ 14,371 ಮೈಲಿ ಯಂತ್ರದ ದೋಷದಿಂದ ಒಮ್ಮೆಯೂ ನಿಲ್ಲದೆ ಓಡಿದ್ದು. ಆಮೇಲೆ ಕಾರನ್ನು ಪೂರ್ತಿ ಬಿಚ್ಚಿ, ಯಾವ ಭಾಗ ಎಷ್ಟು ಸವೆದಿದೆ ಎಂದು ಅಳೆದರು. ಹೊಸದಾಗಿ ಹಾಕಬೇಕಾದ ಭಾಗಗಳ ಬೆಲೆ ಎರಡು ಪೌಂಡಿನ ಆಸುಪಾಸು.

ಇದೇ ಮಾದರಿಯ ಒಂದು ಕಾರಿನ ಕತೆ ನಮ್ಮ ಸೀಮೆಯ ದೊರೆಯ ಮನೆಗೆ ಸೇರಿದ್ದು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಒಂದು ಸಿಲ್ವರ್ ಘೋಸ್ಟ್ ಕಾರಿಗೆ ಹೇಳಿಕಳಿಸಿದ್ದ. ಬಾರ್ಕರ್ ಕಂಪನಿ ಅದಕ್ಕೆ ಹಳದಿ ಬಣ್ಣದ ಮೈ ಕಟ್ಟಿ, ಒಳಗೆ ಸಿಂಹಾಸನದಂಥ ಎತ್ತರದ ಆಸನ ಇಟ್ಟಿತು. ಕಾರು ಬರುವ ಮೊದಲೇ, 1911ರ ಆಗಸ್ಟಿನಲ್ಲಿ, ನಿಜಾಮ ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನನ ಕಾಲದಲ್ಲಿ ಅದು ಮೆರವಣಿಗೆಗಷ್ಟೇ ಹೊರಬರುತ್ತಿತ್ತು. ಅರ್ಧ ಶತಮಾನ ಕಳೆದರೂ ಅದು ಓಡಿದ್ದು ನಾನೂರು ಮೈಲಿಗಿಂತ ಕಡಿಮೆ. ಅಂದರೆ ಕೈಪಿಡಿಯ ಲೆಕ್ಕದಲ್ಲಿ ಅದು ಪಳಗಿಯೇ ಇರಲಿಲ್ಲ. ಒಂದು ಕಾರು ಬ್ರಿಟನ್ನಿನ ರಸ್ತೆಗಳಲ್ಲಿ ದುಡಿದೂ ಗಟ್ಟಿಯಾಗಿ ಉಳಿಯಿತು. ಇನ್ನೊಂದು ಅರಮನೆಯ ನೆರಳಲ್ಲಿ ನಿಂತೇ ಹಾಳಾಗಿ, ನಮ್ಮ ಕಾಲದಲ್ಲಿ ರಿಪೇರಿಯಾಗಿ, ಚೌಮಹಲ್ಲಾ ಅರಮನೆಯಲ್ಲಿ ನೋಡುವವರಿಗೆ ಸಿಗುವಂತಾಯಿತು. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು ಗೋಡೆಗಳು ಒಣಗುತ್ತವೆ, ತುಕ್ಕು ಹಿಡಿಯುತ್ತದೆ. ರಬ್ಬರು ಬಿರುಕು ಬಿಡುತ್ತದೆ, ಪೆಟ್ರೋಲು ಅಂಟಾಗುತ್ತದೆ. ದುಡ್ಡಿಗೆ ಕೊರತೆಯಿಲ್ಲದ ಮನೆಯಲ್ಲೂ ಇದು ತಪ್ಪಲಿಲ್ಲ.

ಮುಂದಿನ ದಶಕಗಳಲ್ಲಿ ಪಳಗಿಸುವ ಕೆಲಸ ಅರಮನೆಯ ಚಾಲಕನಿಂದ ಸಾಮಾನ್ಯ ಮಾಲೀಕನ ಕೈಗೆ ಬಂತು. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲೂ ಹೊಸ ಕಾರಿನ ಹಿಂಗಾಜಿಗೆ ‘ರನ್ನಿಂಗ್ ಇನ್, ಪ್ಲೀಸ್ ಪಾಸ್’ ಎಂಬ ಚೀಟಿ ಅಂಟಿಸುತ್ತಿದ್ದರು. ಈ ಗಾಡಿ ಈಗಷ್ಟೇ ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ ಎಂದು ಅದರ ಅರ್ಥ. ಮೊದಲ ಐನೂರು ಮೈಲಿ ಗಂಟೆಗೆ ಮೂವತ್ತು ಮೈಲಿ ದಾಟದೆ ಓಡಿಸಿ, ಲೋಹದ ಸಣ್ಣ ಪುಡಿ ಸೇರಿದ ಎಣ್ಣೆಯನ್ನು ಚೆಲ್ಲಿ ಹೊಸದು ಹಾಕಿಸುವುದು ಆಗಿನ ರೂಢಿ. ಕಾರ್ಖಾನೆ ಮುಗಿಸದೆ ಬಿಟ್ಟ ಕೊನೆಯ ಕೆಲಸವನ್ನು ಕೊಂಡವನು ಮುಗಿಸುತ್ತಿದ್ದ.

ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಸಾವಿರಾರು ಮನೆಗಳಿಗೆ ಕಲಿಸಿದ್ದು ಕಾರಲ್ಲ, ಮೈಸೂರಿನ ಜಾವಾ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. 1973ರಿಂದ ಅದು ಯೆಜ್ಡಿ ಎಂಬ ಹೆಸರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಟು ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಹೊಸದರಲ್ಲಿ ಎಣ್ಣೆ ತುಸು ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆ ಇದೇ ಪಾಠವನ್ನು ಟ್ರ್ಯಾಕ್ಟರು ಹೇಳಿಕೊಟ್ಟಿತು. ಅಲ್ಲಿ ಲೆಕ್ಕ ಮೈಲಿಯದಲ್ಲ, ಗಂಟೆಯದು: ಮೊದಲ ಸರ್ವೀಸ್ ಸಾಮಾನ್ಯವಾಗಿ 50 ಗಂಟೆಗೆ. ಸಿರವಾರದ ದಾರಿಯಲ್ಲಿ ಹೊಸ ಟ್ರ್ಯಾಕ್ಟರು ಹೊಡೆಯುವವನಿಗೂ ಜರ್ಮನಿಯ ಸ್ಪೋರ್ಟ್ಸ್ ಕಾರು ಕೊಂಡವನಿಗೂ ಕೈಪಿಡಿ ಹೇಳುವುದು ಒಂದೇ ಮಾತು.

ಈಗ ಲೋಹವನ್ನು ಕಡೆಯುವ ಯಂತ್ರಗಳು ಬಹಳ ಕರಾರುವಾಕ್ಕು. ಎಣ್ಣೆಯೂ ಸುಧಾರಿಸಿದೆ. ಮುಗಿಸದ ಕೆಲಸವನ್ನು ಕಾರ್ಖಾನೆಗಳು ಒಂದೊಂದಾಗಿ ಹಿಂದಕ್ಕೆ ಪಡೆದಿವೆ. ಹೋಂಡಾ ಕಂಪನಿ 2016ರಲ್ಲಿ ಅಮೆರಿಕದ ಒಹಾಯೊದಲ್ಲಿ ತಯಾರಿಸಲು ತೊಡಗಿದ ಎನ್‌ಎಸ್‌ಎಕ್ಸ್ ಕಾರಿನ ಪ್ರತಿ ಎಂಜಿನ್ನನ್ನೂ ಕಾರಿಗೆ ಕೂರಿಸುವ ಮೊದಲೇ 150 ಮೈಲಿಗೆ ಸಮನಾಗಿ ಓಡಿಸಿ ಪಳಗಿಸುತ್ತಿದ್ದರು. ಆದರೂ ಪೋರ್ಷೆ ತನ್ನ 911ರ ಹಲವು ಮಾದರಿಗಳಿಗೆ ಮೊದಲ 3000 ಕಿಲೋಮೀಟರಿನ ಸಂಯಮವನ್ನು ಹೇಳುತ್ತದೆ. ಬಿಎಂಡಬ್ಲ್ಯು ತನ್ನ ಎಂ ಕಾರುಗಳನ್ನು ಸುಮಾರು 2000 ಕಿಲೋಮೀಟರಿಗೆ ಕರೆಸಿ ಎಣ್ಣೆ ಬದಲಿಸುತ್ತದೆ. ಹೆಚ್ಚು ವೇಗಕ್ಕೆ ಹುಟ್ಟಿದ ಎಂಜಿನ್ನಿಗೇ ಹೆಚ್ಚು ದಿನದ ತಾಳ್ಮೆ.

ಹೊಸದರಲ್ಲೇ ಜೋರಾಗಿ ದುಡಿಸಿದರೆ ಉಂಗುರ ಬೇಗ ಕೂರುತ್ತದೆ ಎಂದು ವಾದಿಸುವ ರೇಸಿನ ಜನ ಇದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ; ಉಂಗುರಕ್ಕೆ ಒತ್ತಡ ಬೇಕು. ಆದರೆ ಪಳಗಬೇಕಾದದ್ದು ಉಂಗುರವೊಂದೇ ಅಲ್ಲ. ಗೇರಿನ ಹಲ್ಲುಗಳಿವೆ. ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಂದ ಜಾರು ಪದರವಿದ್ದು, ಅದು ಸವೆಯುವ ತನಕ ರಸ್ತೆಯ ಹಿಡಿತ ಪೂರ್ತಿ ಸಿಗದು. ಬ್ರೇಕಿನ ಪ್ಯಾಡು ಡಿಸ್ಕಿಗೆ ಒಗ್ಗುವ ತನಕ ಕಾರು ನಿಲ್ಲಬೇಕಾದ ಕಡೆ ನಿಲ್ಲದು. ಹೊಸ ಕಾರಿನ ಮೊದಲ ದಿನ ಎಂಜಿನ್ನಿಗೆ ಶಕ್ತಿ ಪೂರ್ತಿ ಇರುತ್ತದೆ, ಹಿಡಿತವೂ ನಿಲುಗಡೆಯೂ ಪೂರ್ತಿ ಇರುವುದಿಲ್ಲ. ಷೋರೂಮಿನಿಂದ ನೇರ ಹೆದ್ದಾರಿಗೆ ಹೋಗಿ ವೇಗ ಪರೀಕ್ಷಿಸುವ ಹುಡುಗನಿಗೆ ಯಾರಾದರೂ ಹೇಳಲೇಬೇಕಾದ ಮಾತಿದು. ಎಂಜಿನ್ನು ಕೆಟ್ಟರೆ ಬದಲಿಸಬಹುದು.

ನಮ್ಮ ಸೀಮೆಯಲ್ಲಿ ಇನ್ನೂ ಕೆಲವು ಎಚ್ಚರಗಳು ಸೇರುತ್ತವೆ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಂಜಾನೆ ಎಣ್ಣೆ ಕಾಯುವ ತನಕ ಮೆಲ್ಲಗೆ ಓಡಿಸಿದವನು, ಮಧ್ಯಾಹ್ನ ಜೋರಾಗಿ ಬಂದು ನಿಂತಾಗ ಟರ್ಬೊ ತಣಿಯಲು ಒಂದೆರಡು ನಿಮಿಷ ಕೊಟ್ಟು ಎಂಜಿನ್ ಆರಿಸಬೇಕು. ಎರೆಮಣ್ಣಿನ ದೂಳಿಗೆ ಗಾಳಿಯ ಫಿಲ್ಟರು ಕೈಪಿಡಿಯ ಗಡುವಿಗಿಂತ ಮೊದಲೇ ಕಟ್ಟುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹಾಸಿದ ಹುಲ್ಲು, ನೆಲಕ್ಕೆ ತಾಗುವಂತಿರುವ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಕಾದ ಹೊಗೆ ಕೊಳವೆಗೆ ತಗುಲಿ ಬೆಂಕಿ ಹಿಡಿಯಬಹುದು. ಅಂಥ ಹಾದಿಯಲ್ಲಿ ಸುತ್ತು ಬಳಸಿ ಹೋಗುವುದೇ ಲೇಸು. ದಾಟಲೇಬೇಕಾದರೆ ದಾಟಿದ ಮೇಲೆ ಇಳಿದು, ಬಗ್ಗಿ ನೋಡಬೇಕು.

ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಬಂದಾಗಿನಿಂದ ನಮ್ಮ ರಸ್ತೆಗಳಲ್ಲಿ ವಿದ್ಯುತ್ ಕಾರುಗಳೂ ಇವೆ. ಅವುಗಳಲ್ಲಿ ಸಿಲಿಂಡರೂ ಇಲ್ಲ, ಉಂಗುರವೂ ಇಲ್ಲ. ಸಾವಿರ ಮೈಲಿಯ ಎಂಜಿನ್ ವ್ರತ ಇನ್ನು ಕೆಲವು ದಶಕಗಳಲ್ಲಿ ಇತಿಹಾಸದ ಪುಟ ಸೇರಬಹುದು. ಟಯರು, ಬ್ರೇಕು ಮತ್ತು ಚಕ್ರ ಹಿಡಿದವನ ಕೈ ಮಾತ್ರ ಪ್ರತಿ ಹೊಸ ಗಾಡಿಯಲ್ಲೂ ಮೊದಲಿನಿಂದ ಪಳಗಬೇಕು.

ಕಾರ ಹುಣ್ಣಿಮೆಯ ದಿನ ನಮ್ಮ ಊರುಗಳಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ಅದು ಮುಂಗಾರಿನ ಬಾಗಿಲಿಗೆ ಬರುವ ಹಬ್ಬ. ಬಣ್ಣ ಒಣಗುವಷ್ಟರಲ್ಲಿ ಎತ್ತು ಹೊಲಕ್ಕೆ ಇಳಿದಿರುತ್ತದೆ.