ಹುಲ್ಲು ಬೆಳೆದ ಕೆರೆಗೆ ಯಾವ ಕ್ರ್ಯಾಂಕ್‌ಬೇಟ್? ನೂರು ವರ್ಷಗಳ ಹುಡುಕಾಟ

ಕ್ರ್ಯಾಂಕ್‌ಬೇಟ್ ಎಂದರೆ ಸಣ್ಣ ಮೀನಿನ ಆಕಾರದ, ಮುಂದಕ್ಕೆ ತುಟಿಯೊಂದು ಚಾಚಿಕೊಂಡ ಹುಸಿ ಎರೆ. ಮೈ ಮರದ್ದು ಇಲ್ಲವೇ ಪ್ಲಾಸ್ಟಿಕ್ಕಿನದು. ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮೊನೆಯ ಗಾಳ. ಸುಮ್ಮನೆ ಬಿಟ್ಟರೆ ತೇಲುತ್ತದೆ. ರೀಲು ಸುತ್ತಿದರೆ ತುಟಿಗೆ ನೀರು ಬಡಿದು, ತಲೆ ಕೆಳಗಾಗಿ ಮುಳುಗಿ, ಮೈ ಕುಲುಕಿಸುತ್ತ ಸಾಗುತ್ತದೆ. ಅಮೆರಿಕದಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯುವವರು ಬಂಡೆಗಳ ಬಳಿ, ಮುಳುಗಿದ ದಿಮ್ಮಿಗಳ ನಡುವೆ ಇದನ್ನು ಪೂರ್ತಿ ನಂಬುತ್ತಾರೆ. ನೀರಹುಲ್ಲು ಬೆಳೆದ ಕೆರೆಗೆ ಬಂದಾಗ ಮಾತ್ರ ಆರು ಮೊನೆಗಳೂ ಹುಲ್ಲನ್ನೇ ಹಿಡಿಯುತ್ತವೆ. ಬಾಸ್ ಇರುವುದೂ ಆ ಹುಲ್ಲಿನಲ್ಲೇ. ನೆರಳು, ಮರೆ, ಸಣ್ಣಮೀನು, ಸಿಗಡಿ ಎಲ್ಲವೂ ಅದಕ್ಕೆ ಅಲ್ಲಿಯೇ ಸಿಗುತ್ತವೆ.

ಈ ಎರೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಆಳಕ್ಕಿಳಿಯುವ ಪೈಪೋಟಿಯಾಗಿ ಹೇಳುತ್ತಾರೆ: ಆರು ಅಡಿ, ಹತ್ತು ಅಡಿ, ಇಪ್ಪತ್ತು ಅಡಿ. ನನಗೆ ಕಾಣುವ ಮುಖ್ಯ ಕಥೆ ಬೇರೆ. ಎರೆಯನ್ನು ಹುಲ್ಲಿನಿಂದ ದೂರವಿಡುವ ಪ್ರಯತ್ನದಲ್ಲಿ ದಶಕಗಳು ಕಳೆದವು. ಕೊನೆಗೆ ಅದನ್ನು ಬೇಕೆಂದೇ ಹುಲ್ಲಿಗೆ ತಾಗಿಸಿ ಬಿಡಿಸಿಕೊಳ್ಳುವುದು ಕಲಿತಾಗ ಆಯ್ಕೆಯ ಲೆಕ್ಕವೇ ಬದಲಾಯಿತು.

ಮೊದಲ ಹೆಜ್ಜೆಗಳನ್ನು ಬೇಗ ದಾಟಬಹುದು. 1881ರಲ್ಲಿ ವೈದ್ಯ ಜೇಮ್ಸ್ ಹೆನ್‌ಶಾಲ್ ಕಪ್ಪು ಬಾಸ್ ಕುರಿತ ತನ್ನ ಪ್ರಸಿದ್ಧ ಪುಸ್ತಕ ಬರೆದಾಗ ಜೀವಂತ ಸಣ್ಣಮೀನು ಮತ್ತು ಗರಿಯ ನೊಣಗಳದೇ ಕಾಲ. ಮಿಷಿಗನ್ ರಾಜ್ಯದ ಡೋವಾಜಿಯಾಕ್ ಊರಿನಲ್ಲಿ ಜೇನು ಸಾಕುತ್ತಿದ್ದ ಜೇಮ್ಸ್ ಹೆಡನ್ ಮರ ಕೆತ್ತಿ ಎರೆ ಮಾಡಿದ. 20ನೇ ಶತಮಾನದ ಆರಂಭದಲ್ಲಿ ಅದು ಕುಟುಂಬದ ಉದ್ದಿಮೆಯಾಯಿತು. ಆ ಮರದ ಮೀನುಗಳಿಗೆ ತುಟಿಯ ನಡೆ ಇನ್ನೂ ಬಂದಿರಲಿಲ್ಲ. ಅದನ್ನು ಬೆಳೆಸಿದ್ದು ಇಂಡಿಯಾನಾದ ಗ್ಯಾರೆಟ್ ಊರಿನ ಕ್ರೀಕ್ ಚಬ್ ಕಂಪನಿ. ಅದರ ಹೆನ್ರಿ ಡಿಲ್ಸ್‌ಗೆ ಲೋಹದ ತುಟಿಯ ಪೇಟೆಂಟ್ ಸಿಕ್ಕಿದ್ದು 1920ರಲ್ಲಿ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್ಗೊಮೆರಿ ಲೇಕ್‌ನಲ್ಲಿ ಜಾರ್ಜ್ ಪೆರಿ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋ ದಾಟಿದ ದಾಖಲೆಯ ಬಾಸ್ ಹಿಡಿದದ್ದು ಇದೇ ಕಂಪನಿಯ ಎರೆಯಿಂದ. 1940ರ ದಶಕದಲ್ಲಿ ಟೆಕ್ಸಾಸ್‌ನ ಬಾಂಬರ್ ಆಳಕ್ಕಿಳಿಯುವ ದಪ್ಪ ಎರೆಯನ್ನು ತಂದಿತು. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕೆತ್ತಿದ ತೆಳುಮೀನು 1962ರಲ್ಲಿ ‘ಲೈಫ್’ ಪತ್ರಿಕೆಯ ಲೇಖನದ ಮೂಲಕ ಅಮೆರಿಕದ ಮನೆಮಾತಾಯಿತು. ಇವ್ಯಾವುವೂ ಹುಲ್ಲಿಗಾಗಿ ಹುಟ್ಟಿದವಲ್ಲ.

ನಿಜವಾದ ತಿರುವು ಬಂದದ್ದು ಟೆನೆಸಿಯಲ್ಲಿ. 1960ರ ದಶಕದ ಕೊನೆಯಲ್ಲಿ ಫ್ರೆಡ್ ಯಂಗ್ ಎಂಬಾತ ಬಾಲ್ಸಾ ಮರದಲ್ಲಿ ಗುಂಡುಹೊಟ್ಟೆಯ, ಚೌಕ ತುಟಿಯ ಎರೆ ಕೆತ್ತಿದ. ದೈತ್ಯ ಮೈಕಟ್ಟಿನ ಸಹೋದರ ಓಡಿಸ್‌ನಿಂದಾಗಿ ಅದಕ್ಕೆ ‘ಬಿಗ್ ಓ’ ಎಂದು ಹೆಸರಾಯಿತು. ಕೈಕೆತ್ತನೆಯ ಎರೆಗಳು ಎಷ್ಟು ವಿರಳವಾಗಿದ್ದವೆಂದರೆ ಸ್ಪರ್ಧಾಳುಗಳು ಅವುಗಳನ್ನು ದಿನಬಾಡಿಗೆಗೆ ಪಡೆಯುತ್ತಿದ್ದರು. ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾಸ್‌ನ ಬೀವರ್ ಲೇಕ್‌ನಲ್ಲಿ ಆರಂಭಿಸಿದ ಬಾಸ್ ಸ್ಪರ್ಧೆಗಳು ಆಗಷ್ಟೇ ಕಾವೇರುತ್ತಿದ್ದವು. ಎರೆ ತಯಾರಕ ಕಾಟನ್ ಕಾರ್ಡೆಲ್ ಬಿಗ್ ಓದ ಪ್ಲಾಸ್ಟಿಕ್ ರೂಪವನ್ನು ಮಾರುಕಟ್ಟೆಗೆ ತಂದ ಮೇಲೆ ಎಲ್ಲ ಕಂಪನಿಗಳೂ ಇದರ ಬೆನ್ನು ಹತ್ತಿದವು: ಬ್ಯಾಗ್ಲಿಯ ‘ಬಾಲ್ಸಾ ಬಿ’, ರೆಬೆಲ್‌ನ ‘ವೀ ಆರ್’, ಬಾಂಬರ್‌ನ ‘ಮಾಡೆಲ್ ಎ’.

ಹುಲ್ಲಿನ ಕೆರೆಗೆ ಬಿಗ್ ಓ ಕೊಟ್ಟ ಪಾಠಗಳು ಎರಡು. ತುಟಿ ನೇರವಾಗಿ ಕೆಳಕ್ಕೆ ಬಾಗಿದ್ದರೆ ಎರೆ ಮೇಲ್ಪದರದಲ್ಲೇ ಓಡುತ್ತದೆ. ಮೈಯ ಗೆರೆಯಲ್ಲೇ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಹೋಗುತ್ತದೆ. ಓಡುವಾಗ ಎರೆ ತಲೆತಗ್ಗಿಸಿ ಬಾಲವೆತ್ತಿ ಸಾಗುವುದರಿಂದ ಎದುರಿನ ಕಡ್ಡಿಯನ್ನು ಮೊದಲು ಮುಟ್ಟುವುದು ತುಟಿ. ಗಾಳಗಳು ಅದರ ಮರೆಯಲ್ಲಿರುತ್ತವೆ. ಎರಡನೆಯದು ತೇಲುಗುಣ. ಬಾಲ್ಸಾ ತುಂಬ ಹಗುರ. ಹುಲ್ಲಿಗೆ ತಾಗಿದ ಕೂಡಲೇ ಸುತ್ತುವುದನ್ನು ನಿಲ್ಲಿಸಿದರೆ ಬಾಲ್ಸಾ ಎರೆ ಹಿಮ್ಮುಖವಾಗಿ ಮೇಲೇಳುತ್ತ ತಾನೇ ಬಿಡಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಗಟ್ಟಿ, ಅಗ್ಗ, ದೂರಕ್ಕೆ ಎಸೆಯಲು ಒಳ್ಳೆಯದು. ಆದರೆ ಏಳುವಾಗ ನಿಧಾನ. ವಿರಳವಾದ ಹುಲ್ಲಿನಲ್ಲಿ ಬೆಲೆ ಹೆಚ್ಚಾದರೂ ಬಾಲ್ಸಾವನ್ನೇ ಆರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟರಲ್ಲಿ ಕೆರೆಗಳೇ ಬದಲಾಗತೊಡಗಿದ್ದವು. ಇಲ್ಲಿ ಕನ್ನಡ ಓದುಗರು ಗಮನಿಸಬೇಕಾದ ಕೊಂಡಿಯೊಂದಿದೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹೈಡ್ರಿಲ್ಲಾ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಹೋಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಬ್ಬಿರುವ ತಳಿಯ ಮೂಲ ದಕ್ಷಿಣ ಭಾರತದ್ದೆಂದು ವಂಶವಾಹಿ ಅಧ್ಯಯನಗಳು ಸೂಚಿಸಿವೆ. ಸೂರ್ಯನ ಬೆಳಕಿನ ನೂರರಲ್ಲೊಂದು ಪಾಲು ಸಿಕ್ಕರೂ ಸಾಕು, ಅದು ಬೆಳೆಯುತ್ತದೆ. ಅನುಕೂಲವಾದ ದಿನಗಳಲ್ಲಿ ದಿನಕ್ಕೆ ಒಂದು ಇಂಚು ಏರುತ್ತದೆ. ತಳದ ಕೆಸರಿನಲ್ಲಿ ಗೆಡ್ಡೆ ಬಿಟ್ಟು ಉಳಿದುಕೊಳ್ಳುತ್ತದೆ. ಇದನ್ನು ಹತೋಟಿಗೆ ತರಲು ಭಾರತದಿಂದಲೇ ತರಿಸಿದ, ಎಲೆ ಕೊರೆಯುವ ಸಣ್ಣ ನೊಣವನ್ನು 1987ರಲ್ಲಿ ಫ್ಲಾರಿಡಾದಲ್ಲಿ ಬಿಟ್ಟರು. ಅಲಬಾಮಾದ ಗಂಟರ್ಸ್‌ವಿಲ್ ಜಲಾಶಯಕ್ಕೆ 1960ರ ದಶಕದಲ್ಲಿ ಯುರೇಷಿಯಾದ ಮಿಲ್‌ಫಾಯಿಲ್, 1980ರ ದಶಕದಲ್ಲಿ ಹೈಡ್ರಿಲ್ಲಾ ಬಂದವು. ಟೆಕ್ಸಾಸ್‌ನ ಸ್ಯಾಮ್ ರೇಬರ್ನ್, ಲೂಯಿಸಿಯಾನಾದ ಗಡಿಯ ಟೊಲೆಡೊ ಬೆಂಡ್ ಜಲಾಶಯಗಳಲ್ಲೂ ಹುಲ್ಲು ನೆಲೆಯೂರಿತು. ದಿಮ್ಮಿ ಮುಳುಗಿದ ಜಲಾಶಯಗಳಿಗೆ ಹೊಂದಿದ್ದ ಎರೆಗಳು ಈಗ ಹಸಿರು ಕಾಡಿನೆದುರು ನಿಂತವು.

ಇದಕ್ಕೆ ಬಂದ ಅತ್ಯುತ್ತಮ ಉತ್ತರ ತುಟಿಯೇ ಇಲ್ಲದ ಎರೆ. ಬಿಲ್ ಲೂಯಿಸ್ 1960ರ ದಶಕದಲ್ಲಿ ರೂಪಿಸಿ ಲೂಯಿಸಿಯಾನಾದಲ್ಲಿ ನೆಲೆಗೊಳಿಸಿದ ‘ರ‍್ಯಾಟ್-ಎಲ್-ಟ್ರ್ಯಾಪ್’ ಚಪ್ಪಟೆ ಮೈಯದು, ಒಳಗೆ ಗುಂಡುಗಳು ಗಲಗಲ ಎನ್ನುತ್ತವೆ, ದಾರ ಕಟ್ಟುವ ಕೊಂಡಿ ಬೆನ್ನ ಮೇಲೆ. ಇದು ತೇಲುವುದಿಲ್ಲ, ಮುಳುಗುತ್ತದೆ. ತೇಲದ ಎರೆ ಹುಲ್ಲಿಗೆ ಹೆಚ್ಚು ಸಿಕ್ಕಬೇಕಲ್ಲವೇ? ಸಿಕ್ಕುತ್ತದೆ, ನಿಜ. ಟೆಕ್ಸಾಸ್‌ನವರು ಆ ಸಿಕ್ಕುವಿಕೆಯನ್ನೇ ಕೌಶಲವಾಗಿ ಮಾಡಿಕೊಂಡರು. ಹುಲ್ಲಿನ ತುದಿಗೆ ಎರೆ ಕಚ್ಚಿಕೊಂಡ ಕ್ಷಣವೇ ಕೋಲನ್ನು ಜಗ್ಗಿ ಕಿತ್ತರೆ ಅದು ಎಲೆ ಹರಿದು ಚಿಮ್ಮುತ್ತದೆ. ಬೆದರಿ ಹೊರಬಿದ್ದ ಮೀನಿನಂತೆ ಕಾಣುತ್ತದೆ. ಬಾಸ್ ಹೊಡೆಯುವುದು ಹೆಚ್ಚಾಗಿ ಆಗಲೇ. ಹೈಡ್ರಿಲ್ಲಾದ ಎಳೆಗಳು ಪೆಡಸಾಗಿರುವುದರಿಂದ ಪಟಕ್ಕನೆ ತುಂಡಾಗಿ ಇದಕ್ಕೆ ಅನುಕೂಲ ಮಾಡಿಕೊಡುತ್ತವೆ. ನೂಲಿನಂಥ ಹಸಿರುಪಾಚಿ ಹಾಗಲ್ಲ; ಅದು ಗಾಳಕ್ಕೆ ಸುತ್ತಿಕೊಂಡರೆ ಎಷ್ಟು ಜಗ್ಗಿದರೂ ಬಿಡದು. ಪಾಚಿ ಇರುವ ಕಡೆ ಯಾವ ಕ್ರ್ಯಾಂಕ್‌ಬೇಟೂ ಬೇಡ. ಜಾಗ ಬದಲಿಸುವುದೇ ಸರಿ.

2010ರ ಫೆಬ್ರವರಿಯಲ್ಲಿ ಅಲಬಾಮಾದ ಲೇ ಲೇಕ್‌ನಲ್ಲಿ ನಡೆದ ಬಾಸ್‌ಮಾಸ್ಟರ್ ಕ್ಲಾಸಿಕ್ ಸ್ಪರ್ಧೆ ಈ ಪದ್ಧತಿಗೆ ದೊಡ್ಡ ಸಾಕ್ಷಿ. ಕೆವಿನ್ ವ್ಯಾನ್‌ಡ್ಯಾಮ್ ಬೀಸ್‌ವ್ಯಾಕ್ಸ್ ಕ್ರೀಕ್ ಎಂಬ ಕವಲಿನ ಹುಲ್ಲಿನಲ್ಲಿ ಸ್ಟ್ರೈಕ್ ಕಿಂಗ್‌ನ ‘ರೆಡ್ ಐ ಶ್ಯಾಡ್’ ಎಂಬ ತುಟಿಯಿಲ್ಲದ ಎರೆಯಿಂದ ಗೆದ್ದ. ಅದು ಮುಳುಗುವಾಗಲೂ ಮೈ ನಡುಗಿಸುತ್ತದೆ. ಹಾಗಾಗಿ ಕಿತ್ತ ಮೇಲಿನ ಇಳಿತವೂ ಬಾಸ್‌ಗೆ ಆಮಿಷವೇ. ಮರುವರ್ಷ ಲೂಯಿಸಿಯಾನಾದ ನದೀಮುಖದಲ್ಲಿ ಅವನೇ ಗೆದ್ದಾಗ ಅವನ ಮುಖ್ಯ ಎರೆಗಳಲ್ಲಿ ಚೌಕ ತುಟಿಯ ಕ್ರ್ಯಾಂಕ್‌ಬೇಟ್ ಒಂದು. ನೀರು ಬೇರೆ, ಅಡ್ಡಿ ಬೇರೆ, ಆದ್ದರಿಂದ ಎರೆಯೂ ಬೇರೆ. ಗೆದ್ದ ಎರೆಯ ಹೆಸರು ನೋಡಿ ಅಂಗಡಿಗೆ ಓಡುವವರು ಈ ಎರಡು ವರ್ಷಗಳನ್ನು ಒಟ್ಟಿಗಿಟ್ಟು ನೋಡಬೇಕು. 2014ರಲ್ಲಿ ಹುಲ್ಲಿಗೇ ಹೆಸರಾದ ಗಂಟರ್ಸ್‌ವಿಲ್‌ನಲ್ಲಿ ಕ್ಲಾಸಿಕ್ ನಡೆದಾಗ ರ‍್ಯಾಂಡಿ ಹೋವೆಲ್ ಕೊನೆಯ ದಿನದ ದೊಡ್ಡ ತೂಕ ಹಿಡಿದದ್ದು ಸೇತುವೆಯ ಕಲ್ಲುಕಟ್ಟೆಯ ಬದಿಯಲ್ಲಿ, ಹುಲ್ಲಿನಲ್ಲಲ್ಲ.

ಇನ್ನೊಂದು ಉತ್ತರ ಅಷ್ಟು ಸದ್ದು ಮಾಡಲಿಲ್ಲ, ಆದರೆ ನನಗೆ ಅದು ತುಂಬ ಇಷ್ಟ. ಅಲಬಾಮಾದ ಯುಫಾಲಾದಲ್ಲಿ ಟಾಮ್ ಮ್ಯಾನ್ ಕಟ್ಟಿದ ಕಂಪನಿ ‘ಒನ್ ಮೈನಸ್’ ಎಂಬ ಎರೆಯನ್ನು ತಂದಿತು. ದಪ್ಪ ಮೈ, ಮೊಂಡು ತುಟಿ. ಎಷ್ಟು ವೇಗವಾಗಿ ಎಳೆದರೂ ಒಂದು ಅಡಿಗಿಂತ ಕೆಳಗಿಳಿಯದು. ಇಡೀ ಉದ್ಯಮ ಆಳದ ಹಿಂದೆ ಬಿದ್ದಿದ್ದಾಗ, ನೀರಿನ ಮೇಲ್ಮೈಗೂ ಹುಲ್ಲಿನ ತುದಿಗೂ ನಡುವಿನ ಒಂದೂವರೆ ಅಡಿ ತೆರಪಿಗೆಂದೇ ಒಂದು ಎರೆ ಮಾಡುವುದಕ್ಕೆ ಕೆರೆಯನ್ನು ಹತ್ತಿರದಿಂದ ನೋಡಿದ ಕಣ್ಣು ಬೇಕು.

ಆಯ್ಕೆಯ ಹುರುಳೆಲ್ಲ ಆ ತೆರಪಿನಲ್ಲಿದೆ. ಹತ್ತು ಅಡಿ ನೀರಿದ್ದು ಹುಲ್ಲು ಆರು ಅಡಿ ಬೆಳೆದಿದ್ದರೆ ಉಳಿಯುವುದು ನಾಲ್ಕು ಅಡಿ. ಅಲ್ಲಿ ಎರಡು ಅಡಿಗೆ ಓಡುವ ಎರೆ ಹುಲ್ಲಿನೊಳಗಿನ ಮೀನಿಗೆ ದೂರ. ಎಂಟು ಅಡಿಯದು ಪ್ರತಿ ಎಸೆತಕ್ಕೂ ಕಂತೆ ಹುಲ್ಲು ತರುತ್ತದೆ. ನಾಲ್ಕರಿಂದ ಐದು ಅಡಿಗಿಳಿದು ತುದಿಗಳನ್ನು ಆಗೊಮ್ಮೆ ಈಗೊಮ್ಮೆ ಮುಟ್ಟುವಂಥದ್ದು ಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ದಾರದಲ್ಲೇ ಸರಿಮಾಡಬಹುದು: ತೆಳು ದಾರ ನೀರನ್ನು ಸುಲಭವಾಗಿ ಸೀಳುವುದರಿಂದ ಎರೆ ಇನ್ನಷ್ಟು ಇಳಿಯುತ್ತದೆ, ದಪ್ಪ ದಾರ ಮೇಲೆ ಹಿಡಿದಿಡುತ್ತದೆ. ಹೆಣೆದ ದಾರ ಹಿಗ್ಗದು, ಎಲೆಗಳನ್ನು ಕತ್ತರಿಸುತ್ತದೆ. ಆದರೆ ಮೂರು ಮೊನೆಯ ಸಣ್ಣ ಗಾಳ ಮೀನಿನ ಬಾಯಿಂದ ಕಿತ್ತುಬರುವ ಅಪಾಯವೂ ಉಂಟು. ಆದ್ದರಿಂದ ತುದಿ ತುಸು ಬಾಗುವ ಕೋಲಿನ ಜೊತೆಗೆ ಅದನ್ನು ಬಳಸುವುದು ಒಳ್ಳೆಯದು.

ಈ ತೆರಪು ಋತುವಿನೊಂದಿಗೆ ಏರಿಳಿಯುವುದರಿಂದ ಒಂದೇ ಕೆರೆಗೆ ವರ್ಷವಿಡೀ ಒಂದೇ ಎರೆ ಸಲ್ಲದು. ಅಮೆರಿಕದ ದಕ್ಷಿಣದಲ್ಲಿ ಚಳಿಗಾಲದ ಕೊನೆಗೆ ಹುಲ್ಲು ತಳದಲ್ಲಿ ಮೊಳಕಾಲುದ್ದ ಇರುತ್ತದೆ. ಅದು ತುಟಿಯಿಲ್ಲದ ಎರೆಯ ಕಾಲ. ಸ್ಯಾಮ್ ರೇಬರ್ನ್‌ನಲ್ಲಿ ಆಗ ಕೆಂಪು ಬಣ್ಣಕ್ಕೇ ಬೇಡಿಕೆ, ಏಕೆಂದರೆ ಬಾಸ್ ಆಗ ಸಿಹಿನೀರಿನ ಸಿಗಡಿಗಳನ್ನು ಹುಡುಕುತ್ತಿರುತ್ತದೆ. ವಸಂತದಲ್ಲಿ ಹುಲ್ಲು ಏರಿದಂತೆ ಚೌಕ ತುಟಿಯದು, ಆಮೇಲೆ ಒಂದು ಅಡಿಯೊಳಗೇ ಓಡುವಂಥದ್ದು. ಬೇಸಿಗೆಯಲ್ಲಿ ಹುಲ್ಲು ಮೇಲ್ಮೈಗೆ ಬಂದು ಚಾಪೆ ಹಾಸಿದರೆ ಅದರ ಮೇಲೆ ಕ್ರ್ಯಾಂಕ್‌ಬೇಟ್‌ಗೆ ಕೆಲಸವಿಲ್ಲ. ಹೊರ ಅಂಚಿಗೆ ಹೋಗಬೇಕು. ಬೆಳಕು ತಳ ಮುಟ್ಟದ ಆಳದಲ್ಲಿ ಹುಲ್ಲು ಗೋಡೆಯಂತೆ ನಿಂತುಬಿಡುತ್ತದೆ. ಆ ಗೋಡೆಗೆ ಸಮಾನಾಂತರವಾಗಿ ಹತ್ತು, ಹನ್ನೆರಡು ಅಡಿಗೆ ಇಳಿಯುವ ಉದ್ದ ತುಟಿಯ ಎರೆಯನ್ನು ಎಳೆದರೆ ಇಡೀ ಎಸೆತ ಮೀನಿರುವ ಪಟ್ಟಿಯಲ್ಲೇ ಸಾಗುತ್ತದೆ. ಶರತ್ಕಾಲದಲ್ಲಿ ಹುಲ್ಲು ಬಾಡಿ ಕುಸಿದಾಗ ತೆರಪು ಮತ್ತೆ ತೆರೆಯುತ್ತದೆ, ಮೇಲ್ಪದರದ ಎರೆಗಳು ಹಿಂದಿರುಗುತ್ತವೆ.

ಬಣ್ಣಗಳ ಬಗ್ಗೆ ಅಂಗಡಿಗಳು ತುಂಬ ಹೇಳುತ್ತವೆ. ನಾನು ಅದನ್ನು ಕೊನೆಯಲ್ಲಿಡುತ್ತೇನೆ: ಮೊದಲು ಆಳ, ಆಮೇಲೆ ತೇಲುಗುಣ, ಆಮೇಲೆ ಕುಲುಕಾಟದ ಅಗಲ, ಸದ್ದು, ಬಣ್ಣ. ಕುಲುಕಾಟ ಅಗಲವಾದಷ್ಟೂ ಹುಲ್ಲು ಹೆಚ್ಚು ಸಿಕ್ಕುತ್ತದೆ; ಬಿಗಿಯಾಗಿ ನಡುಗುವ ಚಪ್ಪಟೆ ಮೈಯ ಎರೆ ತಣ್ಣೀರಿಗೂ ಹುಲ್ಲಿಗೂ ಹೊಂದುತ್ತದೆ.

ಜಪಾನಿನ ದಾರಿ ತುಸು ಬೇರೆ. ಅಕಾಬೋಶಿ ತೆತ್ಸುಮಾ 1925ರಲ್ಲಿ ಹಕೋನೆಯ ಆಶಿ ಸರೋವರಕ್ಕೆ ಬಾಸ್ ತಂದು ಬಿಟ್ಟ. ಬಿವಾ ಸರೋವರದಲ್ಲಿ 1994ರ ಬರದಿಂದ ನೀರು ದಾಖಲೆ ಮಟ್ಟಕ್ಕೆ ಇಳಿದು ತಳಕ್ಕೆ ಬೆಳಕು ಮುಟ್ಟಿತು; ದಕ್ಷಿಣ ಭಾಗದಲ್ಲಿ ಹುಲ್ಲು ಹುಲುಸಾಗಿ ಬೆಳೆಯಿತು. ಲಕ್ಕಿ ಕ್ರಾಫ್ಟ್, ಮೆಗಾಬಾಸ್, ಜ್ಯಾಕಾಲ್ ಕಂಪನಿಗಳ ನಯವಾದ ಎರೆಗಳು ಅಮೆರಿಕಕ್ಕೂ ಹೋದವು. ಪೆರಿಯ ದಾಖಲೆಗೆ ಸರಿಗಟ್ಟಿದ ಬಾಸ್ 2009ರಲ್ಲಿ ಸಿಕ್ಕಿದ್ದು ಬಿವಾದಲ್ಲೇ. ಆದರೆ ಅಲ್ಲಿ ಬಾಸ್ ಸ್ಥಳೀಯ ಮೀನುಗಳನ್ನು ತಿನ್ನುವ ಆಕ್ರಮಣಕಾರಿ. 2005ರಿಂದ ಅದನ್ನು ಸಾಕುವುದಕ್ಕೂ ಸಾಗಿಸುವುದಕ್ಕೂ ಕಾನೂನಿನ ತಡೆಯಿದೆ.

ಅಮೆರಿಕದಲ್ಲಿ ವಿವಾದ ಹುಲ್ಲಿನ ಸುತ್ತ. ಟೆಕ್ಸಾಸ್‌ನ ಲೇಕ್ ಆಸ್ಟಿನ್‌ನಲ್ಲಿ ಹೈಡ್ರಿಲ್ಲಾ ತೆಗೆಯಲು ಹುಲ್ಲುಗೆಂಡೆ ಮೀನುಗಳನ್ನು ಬಿಟ್ಟರು. 2013ರ ಹೊತ್ತಿಗೆ ಹೈಡ್ರಿಲ್ಲಾ ಜೊತೆಗೆ ಉಳಿದ ನೀರುಗಿಡಗಳೂ ಹೋದವು, ಬಾಸ್ ಮೀನುಗಾರಿಕೆ ಕುಸಿಯಿತು. ಹುಲ್ಲು ದೋಣಿಗಳಿಗೂ ವಿದ್ಯುತ್ ಸ್ಥಾವರಗಳಿಗೂ ಅಡ್ಡಿ ಎನ್ನುವುದು ಸುಳ್ಳಲ್ಲ. ಆದರೂ ಅಂಚುಗಳಲ್ಲಿ ಸ್ವಲ್ಪವನ್ನಾದರೂ ಉಳಿಸುವ ನಿರ್ವಹಣೆ ಬೇಕು ಎಂದೇ ನಾನು ಹೇಳುತ್ತೇನೆ.

ಹೀಗೆ ಹುಲ್ಲು ಬಂದುಹೋಗುವ ಕೆರೆಗಳಲ್ಲಿ ಕಳೆದ ವರ್ಷದ ಪೆಟ್ಟಿಗೆ ಈ ವರ್ಷಕ್ಕೆ ಆಗಿಬರುವುದಿಲ್ಲ. ಟೆಕ್ಸಾಸ್‌ನ ವನ್ಯಜೀವಿ ಇಲಾಖೆ ಜಲಾಶಯಗಳ ಗಿಡಗಳ ಸಮೀಕ್ಷೆ ನಡೆಸಿ ಪ್ರಕಟಿಸುತ್ತದೆ. ಎರೆ ಕೊಳ್ಳುವ ಮುನ್ನ ಅದನ್ನು ಓದಬೇಕು. ಅಂಥದ್ದು ಇಲ್ಲದ ಕಡೆ ಅರ್ಧ ಔನ್ಸಿನ, ಅಂದರೆ 14 ಗ್ರಾಮಿನ ತುಟಿಯಿಲ್ಲದ ಎರೆಯೊಂದನ್ನು ಎಸೆದು ಎಣಿಸುತ್ತ ಮುಳುಗಲು ಬಿಡಬೇಕು. ಅದು ಸೆಕೆಂಡಿಗೆ ಸುಮಾರು ಒಂದು ಅಡಿ ಇಳಿಯುತ್ತದೆ. ದಾರ ಸಡಿಲವಾದಾಗ ಎಣಿಕೆ ಐದಾಗಿದ್ದರೆ ಹುಲ್ಲಿನ ತುದಿ ಐದು ಅಡಿಯಲ್ಲಿದೆ. ಪೆಟ್ಟಿಗೆಯಿಂದ ತೆಗೆಯಬೇಕಾದದ್ದು ಐದು ಅಡಿಗೆ ಓಡುವ ಎರೆ.