ಸೂಜುಮಲ್ಲಿಗೆಯ ಹಾಡು ನಡೆದ ಹಾದಿ

ಮಲೆ ಮಹದೇಶ್ವರ ಬೆಟ್ಟವನ್ನೊಳಗೊಂಡ ಕೊಳ್ಳೇಗಾಲ ಸೀಮೆಯು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಸೇರಿತು. ಕಾಮಯಗೌಂಡನ್‌ಪಟ್ಟಿಯೂ ಕಂಬಂ ಕಣಿವೆಯ ಉಳಿದ ಊರುಗಳೂ ಈಚೆಗೇ ಉಳಿದವು. ಗಡಿ ಎಳೆದವರು ಹಾಡುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಯೊಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುವ ನಮಗೆ ‘ಸೋಜುಗಾದ ಸೂಜುಮಲ್ಲಿಗೆ’ಯ ಚರಿತ್ರೆ ಪರರ ಚರಿತ್ರೆಯೆನಿಸದಿರುವುದು ಇದರಿಂದಲೇ.

ಮಾದಪ್ಪನ ಪದಗಳು ಮೂಲತಃ ವೇದಿಕೆಯ ಹಾಡುಗಳಲ್ಲ. ಗುರುವಿನಿಂದ ದೀಕ್ಷೆ ಪಡೆದ ದೇವರ ಗುಡ್ಡರು ಭಿಕ್ಷೆಗೆ ಹೊರಟಾಗ, ಹರಕೆ ಹೊತ್ತವರ ಮನೆಯಲ್ಲಿ ಕಥೆ ನಡೆಸುವಾಗ ಹಾಡುತ್ತಿದ್ದ ಪದಗಳವು. ಕೈಯಲ್ಲಿ ಕಂಸಾಳೆ: ಒಂದು ಬಟ್ಟಲಿನಾಕಾರದ ಕಂಚಿನ ತಾಳ, ಇನ್ನೊಂದು ಚಪ್ಪಟೆ ತಟ್ಟೆ. ಮುಂದಾಳು ಒಂದು ಸೊಲ್ಲು ಹೇಳಿದರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಹೊತ್ತು ಇದ್ದರೆ ಹೂವಿನ ಹೆಸರುಗಳು ಬೆಳೆಯುತ್ತವೆ, ಇಲ್ಲದಿದ್ದರೆ ಕುಗ್ಗುತ್ತವೆ. ಇದರಲ್ಲಿ ಯಾವುದು ಮೂಲಪಾಠ ಎಂಬ ಪ್ರಶ್ನೆ ಪಂಡಿತರದು, ಗುಡ್ಡರದಲ್ಲ. ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ಮಾದೇಶ್ವರ ಕಾವ್ಯವನ್ನು ಬರೆದುಕೊಂಡು ಅಚ್ಚು ಹಾಕಿಸಿದುದು ದೊಡ್ಡ ಉಪಕಾರವೇ ಸರಿ. ಆದರೆ ಅಚ್ಚಾದುದು ಒಂದು ಹೇಳಿಕೆ ಮಾತ್ರ.

ಮಳವಳ್ಳಿ ಮಹದೇವಸ್ವಾಮಿಯವರು ತಂಬೂರಿ ಹಿಡಿದು ಹಾಡಿದ ಮಾದಪ್ಪನ ಕಥೆಗಳು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಹೋದವು. ಅಲ್ಲಿ ಹಾಡು ಕಥೆಯ ಬೆನ್ನಿಗಿತ್ತು. ಅನನ್ಯಾ ಭಟ್ ಸೂಜುಮಲ್ಲಿಗೆಯನ್ನು ಹಾಡಿದುದು ಕೊಯಮತ್ತೂರಿನ ಈಶ ಕೇಂದ್ರದ ಮಹಾಶಿವರಾತ್ರಿಯಲ್ಲಿ. ಮಾದಪ್ಪನ ಬೆಟ್ಟ ಒಂದೊಮ್ಮೆ ಸೇರಿದ್ದ ಜಿಲ್ಲೆಯಲ್ಲೇ! ಗುಂಪಿನ ಪದ ಅಲ್ಲಿ ಒಂಟಿ ಹೆಣ್ಣುಕೊರಳಿನ ಪ್ರಾರ್ಥನೆಯಾಯಿತು, ಕನ್ನಡ ತಿಳಿಯದವರನ್ನೂ ಮುಟ್ಟಿತು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ಹಾಡಿದಾಗ ಅದೇ ಪದ ಮಂಗಳೂರಿನ ರಕ್ತಪಾತದ ಕಥೆಯೊಂದರ ನಡುವೆ ಬಂದು ಕೇಳುಗರ ಮೈ ನಡುಗಿಸಿತು. ನನ್ನ ಕಿವಿಗೆ ಈ ಎರಡೂ ಪರಕೀಯವಲ್ಲ.

2020ರಲ್ಲಿ ‘ಕೋಲುಮಂಡೆ’ ಪದವನ್ನು ರ‍್ಯಾಪ್ ಧಾಟಿಗೆ ಅಳವಡಿಸಿದಾಗ ಮಾತ್ರ ಭಕ್ತರು ನೊಂದರು, ದೃಶ್ಯಾವಳಿಯನ್ನು ಹಿಂತೆಗೆಯಬೇಕಾಯಿತು. ನೋವಿಗೆ ಕಾರಣ ಧಾಟಿಗಿಂತ ಹೆಚ್ಚಾಗಿ ಸಂಕಮ್ಮನನ್ನು ಚಿತ್ರಿಸಿದ ರೀತಿ. ಗಂಡ ನೀಲಯ್ಯ ಶೀಲದ ಭಾಷೆ ಕೇಳಿದಾಗ ಕೊಡಲೊಪ್ಪದೆ ಹಿಂಸೆಯನ್ನು ತಾಳಿದ ಹೆಣ್ಣು ಆಕೆ. ಅವಳನ್ನು ಕಾಪಾಡಲೆಂದೇ ಮಾದಪ್ಪ ಬರುತ್ತಾನೆ. ರಾಗ ಬದಲಾದರೆ ಹಾಡು ಉಳಿಯುತ್ತದೆ, ಸಂಕಮ್ಮ ಬದಲಾದರೆ ಕಥೆಯೇ ಉಳಿಯದು.

ನಮ್ಮ ಕಣಿವೆಯ ಕನ್ನಡವೂ ಶಾಲೆಯ ಹಂಗಿಲ್ಲದೆ ಕಿವಿಯಿಂದ ಕಿವಿಗೆ ಬಂದುದು. ಮೊಬೈಲಿನಲ್ಲಿ ಕೇಳಿದ ಒಂದೇ ಪಾಠ ಸರಿಯೆಂದು ಮಕ್ಕಳು ನಂಬಿದರೆ ಅಜ್ಜಿಯ ಉಚ್ಚಾರಣೆ ತಪ್ಪಾಗಿ ತೋರೀತು. ಆದ್ದರಿಂದ ಮನೆಗಳ ಲಾಲಿಯನ್ನೂ ಮದುವೆಯ ಪದಗಳನ್ನೂ, ಯಾರ ಕೊರಳಿನಿಂದ ಕೇಳಿದುದೆಂದು ಗುರುತಿಟ್ಟು, ಈಗಲೇ ಧ್ವನಿಮುದ್ರಿಸಿಕೊಳ್ಳಬೇಕು. ಇಬ್ಬರು ಎರಡು ಬಗೆಯಾಗಿ ಹಾಡಿದರೆ ಎರಡನ್ನೂ.