ಉಕ್ಕಿನ ಗಿಟಾರೂ ಅದರ ಧ್ವನಿಪೆಟ್ಟಿಗೆಯೂ

ಗಿಟಾರನ್ನು ಎದೆಗವಚಿಕೊಳ್ಳದೆ ತೊಡೆಯ ಮೇಲೆ ಅಂಗಾತ ಮಲಗಿಸಿ, ಬೆರಳುಗಳಿಂದ ತಂತಿಗಳನ್ನೊತ್ತುವುದಕ್ಕೆ ಬದಲಾಗಿ ನುಣುಪಾದ ಉಕ್ಕಿನ ತುಂಡೊಂದನ್ನು ಅವುಗಳ ಮೇಲೆ ಜಾರಿಸುತ್ತ ನುಡಿಸುವ ಪದ್ಧತಿಯು ಹವಾಯಿ ದ್ವೀಪಗಳಲ್ಲಿ ಬೆಳೆದುಬಂದುದು. ಗೋಟುವಾದ್ಯವನ್ನು ಕೇಳಿ ಬಲ್ಲ ವಾಚಕರಿಗೆ ಈ ನಾದದ ಬಗೆಯನ್ನು ವಿವರಿಸಬೇಕಾದುದಿಲ್ಲ. ಸ್ವರದಿಂದ ಸ್ವರಕ್ಕೆ ತಡೆಯಿಲ್ಲದೆ ಹರಿದು ಮನುಷ್ಯಕಂಠವನ್ನು ನೆನಪಿಗೆ ತರುವ ಜಾರೇ ಎರಡಕ್ಕೂ ಪ್ರಾಣವಾಗಿದೆ.

ಓಹೂ ದ್ವೀಪದ ಲಾಯೀ ಗ್ರಾಮದ ಜೋಸೆಫ್ ಕೆಕುಕು ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗಲೇ, ಈ ಕ್ರಮವನ್ನು ರೂಢಿಸಿದನೆಂದು ಪ್ರತೀತಿ. ರೈಲುಹಾದಿಯಲ್ಲಿ ಸಿಕ್ಕ ಬೋಲ್ಟೊಂದೇ ಇದಕ್ಕೆ ಮೂಲವೆಂಬ ಕತೆಯುಂಟು. ಬೇರೆಯವರ ಹೆಸರನ್ನು ಹೇಳುವವರೂ ಇಲ್ಲದಿಲ್ಲ. ಆದರೆ ಪದ್ಧತಿಯನ್ನು ಪಳಗಿಸಿ, ೧೯೦೪ರಲ್ಲಿ ದ್ವೀಪವನ್ನು ಬಿಟ್ಟು ಪರದೇಶಗಳಲ್ಲಿ ಅದನ್ನು ಮೆರೆಯಿಸಿದ ಕೀರ್ತಿಯು ಅವನಿಗೆ ಸಲ್ಲತಕ್ಕುದು. ೧೮೯೩ರಲ್ಲಿ ಹವಾಯಿಯ ರಾಣಿಯು ಪದಚ್ಯುತಳಾದ ತರುವಾಯ, ೧೮೯೮ರಲ್ಲಿ ಆ ನಾಡನ್ನೇ ತನ್ನೊಳಗೆ ಸೇರಿಸಿಕೊಂಡ ಅಮೆರಿಕೆಯು ೧೯೧೫ರ ಸಾನ್‌ಫ್ರಾನ್ಸಿಸ್ಕೋ ಪ್ರದರ್ಶನದ ತರುವಾಯ ಆ ನಾಡಿನ ಸಂಗೀತಕ್ಕೆ ಮರುಳಾಯಿತು. ರಾಜ್ಯವನ್ನು ಕಳೆದುಕೊಂಡ ಜನರ ರಾಗಕ್ಕೆ ಗೆದ್ದವರು ತಲೆದೂಗುವುದು ಚರಿತ್ರೆಯಲ್ಲಿ ಹೊಸತಲ್ಲ.

ಆದರೆ ಅಂಗಳದಲ್ಲಿ ಕುಳಿತು ಕೇಳುವವರಿಗೆ ಸಾಕಾಗಿದ್ದ ಆ ಮೆಲುದನಿಯು ನಾಟಕಶಾಲೆಗಳಲ್ಲಿಯೂ ನರ್ತನಮಂದಿರಗಳಲ್ಲಿಯೂ ಇತರ ವಾದ್ಯಗಳ ಗದ್ದಲದೊಳಗೆ ಮುಳುಗಿಹೋಗುತ್ತಿತ್ತು. ರಂಗದ ಮೇಲೆ ಹವಾಯಿ ಗಿಟಾರನ್ನು ನುಡಿಸುತ್ತಿದ್ದ ಜಾರ್ಜ್ ಬೀಚಮ್ ಎಂಬವನನ್ನು ಈ ಕೊರತೆಯು ಬಿಡದೆ ಕಾಡಿತು. ಮೊದಲು ೧೯೨೭ರಲ್ಲಿ ಜಾನ್ ಡೋಪ್ಯೇರಾ ಎಂಬ ಶಿಲ್ಪಿಯು ಗಿಟಾರಿನ ಒಡಲಲ್ಲಿ ಮೂರು ಅಲ್ಯೂಮಿನಿಯಂ ಶಂಕುಗಳನ್ನಿರಿಸಿ ದನಿಯನ್ನು ಹೆಚ್ಚಿಸಿಕೊಟ್ಟನು. ಬೀಚಮನಿಗೆ ಅದೂ ಸಾಲದಾಯಿತು. ಕುದುರೆಲಾಳದಾಕಾರದ ಎರಡು ಅಯಸ್ಕಾಂತಗಳ ನಡುವೆ ತಂತಿಗಳನ್ನು ಹಾಯಿಸಿ, ಅವುಗಳ ಕಂಪನವು ಕೆಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವಂತೆ ಮಾಡಿದನು. ಅಡಾಲ್ಫ್ ರಿಕನ್‌ಬ್ಯಾಕರನೊಡನೆ ಕೂಡಿ ೧೯೩೨ರಲ್ಲಿ ಅವನು ಮಾರಾಟಕ್ಕೆ ತಂದ ಎರಕದ ಅಲ್ಯೂಮಿನಿಯಂ ವಾದ್ಯಕ್ಕೆ, ಆಕಾರವನ್ನು ನೋಡಿ, ಜನರು ‘ಬಾಣಲೆ’ ಎಂದೇ ಹೆಸರಿಟ್ಟರು. ಕೆಕುಕು ತೀರಿಕೊಂಡುದೂ ಅದೇ ವರ್ಷವೇ. ಈ ವಾದ್ಯಕ್ಕೆ ಹಕ್ಕುಪತ್ರವನ್ನು ಬೇಡಿದಾಗ, ಇದು ಸಂಗೀತದ ಸಾಧನವೋ ವಿದ್ಯುತ್ತಿನ ಸಾಧನವೋ ಎಂದು ಅಧಿಕಾರಿಗಳು ತಡವರಿಸಿದರು. ವಾದಕರನ್ನು ವಾಷಿಂಗ್ಟನ್ನಿಗೆ ಕಳುಹಿಸಿ ಅವರ ಮುಂದೆ ನುಡಿಸಿ ತೋರಿಸಬೇಕಾಯಿತೆನ್ನುವರು. ಹಕ್ಕು ದೊರೆತುದು ೧೯೩೭ರಲ್ಲಿ. ಅಷ್ಟರಲ್ಲಿ ಅನುಕರಿಸಿದವರು ಎಷ್ಟೋ ಮಂದಿ.

ಅಧಿಕಾರಿಗಳ ಸಂದೇಹವು ನಗೆಗೀಡಾದರೂ ಅದರಲ್ಲಿ ಒಂದು ಸತ್ಯವಿತ್ತು. ಅಂದಿನಿಂದ ವಾದ್ಯದ ಅರ್ಧವು ತೊಡೆಯ ಮೇಲೆಯೂ ಇನ್ನರ್ಧವು ನೆಲದ ಮೇಲಣ ಪೆಟ್ಟಿಗೆಯಲ್ಲಿಯೂ ಉಳಿಯಿತು. ಮೊದಮೊದಲಿನ ಪೆಟ್ಟಿಗೆಗಳಲ್ಲಿ ತಿರುಗಿಸತಕ್ಕ ಗುಂಡಿಗಳೇ ವಿರಳ. ಲಿಯೋ ಫೆಂಡರನು ೧೯೪೬ರ ಸುಮಾರಿಗೆ ಮಾಡಿದ ‘ಪ್ರಿನ್ಸ್‌ಟನ್’ ಎಂಬುದರಲ್ಲಿ ಒಂದೂ ಇರಲಿಲ್ಲ. ಇಂತಹ ಸಣ್ಣ ಪೆಟ್ಟಿಗೆಗಳು ಶಕ್ತಿಮೀರಿ ಕೂಗಿದಾಗ ನಾದವು ಒಡೆದು ಗರಗರಿಸುತ್ತಿತ್ತು. ೧೯೩೫ರ ಜನವರಿಯಲ್ಲಿ ಶಿಕಾಗೋದಲ್ಲಿ ಮಿಲ್ಟನ್ ಬ್ರೌನನ ಮೇಳದೊಡನೆ ಮುದ್ರಣಕ್ಕೆ ನುಡಿಸಿದ ಬಾಬ್ ಡನ್ ಎಂಬವನು ಈ ಒರಟುತನವನ್ನೇ ಕಹಳೆಯ ಕೆಚ್ಚಾಗಿ ಬಳಸಿಕೊಂಡನು. ಆದರೆ ದೀರ್ಘವಾದ ಜಾರನ್ನೂ ಹಲವು ತಂತಿಗಳ ಸ್ವರಮೇಳವನ್ನೂ ಬಯಸಿದವರಿಗೆ ಒಡೆದ ನಾದವು ಸಲ್ಲದು. ೧೯೫೪ರಲ್ಲಿ ಬಡ್ ಐಸಾಕ್ಸನು ಕಾಲಿನ ಮೆಟ್ಟಿನಿಂದ ತಂತಿಗಳನ್ನೆಳೆದು, ಒಂದು ಸ್ವರವನ್ನು ನಿಲ್ಲಿಸಿ ಇನ್ನೊಂದನ್ನು ಬಾಗಿಸಿದ ಹಾಡು ಜನಪ್ರಿಯವಾದಮೇಲಂತೂ ಎಲ್ಲರೂ ನಿರ್ಮಲವಾದ ನಾದವನ್ನೇ ಅರಸತೊಡಗಿದರು.

ಇಲ್ಲಿಯೇ ವಾದಕನ ನಿಜವಾದ ತೊಡಕು ಮೊದಲಾಗುವುದು. ಮೀಟಿದ ತಂತಿಯ ದನಿಯು ಕ್ಷಣಕ್ಷಣಕ್ಕೂ ಕುಂದುವುದಷ್ಟೆ. ಕಂಠದಂತೆ ಅದನ್ನು ನೀಳಗೊಳಿಸುವುದಕ್ಕಾಗಿ ಬಲಗಾಲಿನ ಕೆಳಗೆ ಇನ್ನೊಂದು ಮೆಟ್ಟಿದೆ. ದನಿ ಇಳಿದಂತೆಲ್ಲ ಪಾದವು ಅದನ್ನು ಮೆಲ್ಲಗೆ ಒತ್ತಿ ಏರಿಸುವುದು. ಆದಕಾರಣ ಮೆಟ್ಟು ಅರ್ಧಕ್ಕಿರುವಾಗಲೇ ವಾದ್ಯವು ಮೇಳಕ್ಕೆ ಸಮನಾಗಿ ಕೇಳುವಂತೆ ಪೆಟ್ಟಿಗೆಯನ್ನು ಅಳವಡಿಸಬೇಕು. ಮಿಕ್ಕ ಅರ್ಧವು ಸ್ವರದ ಆಯುಸ್ಸಿಗೆ ಮೀಸಲು. ಪೆಟ್ಟಿಗೆಯಲ್ಲಿ ಬಲ ಸಾಲದಿದ್ದರೆ ಈ ಮೀಸಲೇ ಇರುವುದಿಲ್ಲ. ೧೯೬೩ರಲ್ಲಿ ಬಂದ ಫೆಂಡರನ ‘ಟ್ವಿನ್ ರಿವರ್ಬ್’ ೮೫ ವಾಟ್‌ನದು; ೧೯೭೪ರಲ್ಲಿ ಮಿಸಿಸಿಪ್ಪಿಯ ಪೀವಿ ಸಂಸ್ಥೆಯು ಉಕ್ಕಿನ ಗಿಟಾರಿನವರಿಗೆಂದು ಹೊರಡಿಸಿದ ‘ಸೆಷನ್ ೪೦೦’ಕ್ಕೆ ೨೦೦ ವಾಟ್ ಬಲವೂ ೧೫ ಅಂಗುಲದ ಸ್ಪೀಕರೂ ಇದ್ದುವು. ಇಷ್ಟೊಂದು ಬಲವು ಅಬ್ಬರಕ್ಕಲ್ಲ, ನಾದವು ಒಡೆಯದಿರುವುದಕ್ಕೆ.

ಬಲವು ದೊರೆತರೂ ಮಂದ್ರ ಮಧ್ಯ ತಾರಗಳ ಹದವು ಉಳಿದೇ ಇತ್ತು. ಸೆಕೆಂಡಿಗೆ ೮೦೦ ಕಂಪನಗಳ ಆಸುಪಾಸಿನಲ್ಲಿ ಈ ವಾದ್ಯವು ಮೂಗಿನಲ್ಲಿ ಮಾತಾಡಿದಂತೆ ಕರ್ಕಶವಾಗುವುದರಿಂದ ಅಲ್ಲಿ ಕೊಂಚ ತಗ್ಗಿಸುವುದು ವಾದಕರಲ್ಲಿ ರೂಢಿಯಾಯಿತು. ಆದರೆ ಮನೆಯಲ್ಲಿ ಒಬ್ಬನೇ ಕುಳಿತು ಆ ಮಧ್ಯವನ್ನು ಧಾರಾಳವಾಗಿ ಕಡಿದು, ಮಂದ್ರತಾರಗಳನ್ನು ಏರಿಸಿ, ತನ್ನ ನಾದಕ್ಕೆ ತಾನೇ ಮೆಚ್ಚಿ ಬಂದವನು ಸಭೆಯಲ್ಲಿ ಕಂಗೆಡುವನು. ಮೇಳವು ಕೂಡಿದೊಡನೆ ಅವನ ಸ್ವರವೇ ಅಡಗಿಹೋಗುವುದು. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿಯೇ ಇದರ ಒಂದು ಕಾರಣವನ್ನು ಅಳೆದಿದ್ದರು: ಸದ್ದು ಮೆಲ್ಲಗಿರುವಾಗ ಕಿವಿಯು ಮಂದ್ರವನ್ನು ಸರಿಯಾಗಿ ಹಿಡಿಯಲಾರದು, ಸದ್ದು ಏರಿದಂತೆ ಮಂದ್ರವೂ ತಾನಾಗಿ ತುಂಬಿಬರುವುದು. ಮನೆಯ ಹದವು ಸಭೆಗೆ ಹೊಂದದಿರುವುದು ಸಹಜವೇ.

ಸಭಾಮಂದಿರವೂ ಸುಮ್ಮನಿರುವುದಿಲ್ಲ. ೧೮೯೫ರಲ್ಲಿ ಹಾರ್ವರ್ಡಿನ ಒಂದು ಉಪನ್ಯಾಸಶಾಲೆಯಲ್ಲಿ ಮಾತೇ ತಿಳಿಯದಷ್ಟು ಪ್ರತಿಧ್ವನಿಯಿರಲು, ವಾಲೆಸ್ ಸಾಬಿನ್ ಎಂಬ ಪಂಡಿತನು ರಾತ್ರಿಯೆಲ್ಲ ಪೀಠಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಅನುರಣನವು ಎಷ್ಟು ಕುಗ್ಗುವುದೆಂದು ಪರೀಕ್ಷಿಸಿದನು. ಮನುಷ್ಯರೂ ಅವರ ಬಟ್ಟೆಬರೆಗಳೂ ಮೆತ್ತೆಯಂತೆಯೇ ನಾದವನ್ನು, ವಿಶೇಷವಾಗಿ ತಾರವನ್ನು, ಹೀರುತ್ತಾರೆ. ಸಂಜೆ ಬರಿದಾದ ಮಂದಿರದಲ್ಲಿ ಚೂಪಾಗಿ ಕೇಳಿದ ವಾದ್ಯವು ಜನ ತುಂಬಿದಾಗ ಮಂಕಾಗಲು ಇದೇ ಕಾರಣ. ಇದರ ಮೇಲೆ ಇನ್ನೊಂದು ಮೋಸ: ತಾರಸ್ವರಗಳು ಸ್ಪೀಕರಿನಿಂದ ನೇರವಾಗಿ ಮುಂದಕ್ಕೆ ಹೊರಡುವುವು. ಪೆಟ್ಟಿಗೆಯು ವಾದಕನ ಮೊಣಕಾಲೆತ್ತರದಲ್ಲಿ ಓರೆಯಾಗಿದ್ದರೆ ಅವನ ಕಿವಿಗೆ ಅವು ಬಾರವು. ಮಂಕೆಂದು ಭಾವಿಸಿ ಅವನು ಗುಂಡಿಯನ್ನು ಏರಿಸುವನು; ಎದುರುಸಾಲಿನವರು ಕಿವಿ ಮುಚ್ಚಿಕೊಳ್ಳುವರು. ಅನುಭವಿಯಾದವನು ಪೆಟ್ಟಿಗೆಯನ್ನು ತನ್ನ ಕಿವಿಯತ್ತ ಹಿಂದಕ್ಕೆ ವಾಲಿಸಿಯೋ, ಸಭೆಯ ನಡುವೆ ಸ್ನೇಹಿತನೊಬ್ಬನನ್ನು ನಿಲ್ಲಿಸಿಯೋ ಹದವನ್ನು ನೋಡುವನು. ಅದೂ ಇಡಿಯ ಮೇಳವು ನುಡಿಯುತ್ತಿರುವಾಗ. ಒಂಟಿಯಾಗಿ ಎಂದಿಗೂ ಅಲ್ಲ.

ಈಗೀಗ ದೊಡ್ಡ ಸಭೆಗಳಲ್ಲಿ ಪೆಟ್ಟಿಗೆಯ ಮುಂದೆ ಮೈಕನ್ನಿಟ್ಟು, ಅದರ ನಾದವನ್ನು ಮಂದಿರದ ಇನ್ನೊಂದು ಕೊನೆಯಲ್ಲಿ ಕುಳಿತವನ ಮೇಜಿಗೆ ಸಾಗಿಸುತ್ತಾರೆ. ಅಲ್ಲಿಯೂ ಅವೇ ಮಂದ್ರ ಮಧ್ಯ ತಾರದ ಗುಂಡಿಗಳು. ವಾದಕನು ತಗ್ಗಿಸಿದ ಮಧ್ಯವನ್ನು, ಕೊರತೆಯೆಂದು ಬಗೆದು, ಆತನು ಏರಿಸಿದರೆ ರಂಗದ ಮೇಲಿರುವವನಿಗೆ ಅದು ತಿಳಿಯುವುದೂ ಇಲ್ಲ. ಆದುದರಿಂದ ವಾದನಕ್ಕೆ ಮುನ್ನ ಶ್ರುತಿ ಮಾಡಿಕೊಂಡಮೇಲೆ ಆ ಮೇಜಿನವರೆಗೆ ನಡೆದುಹೋಗಿ ಎರಡು ಮಾತಾಡಿ ಬರುವುದೂ ಈ ವಾದ್ಯಗಾರನ ಕೆಲಸಗಳಲ್ಲೊಂದಾಗಿದೆ.